ಆಸರೆ ಹಿಡಿಯದ ಕೈ

ಗದಗಿನ ‘ಹೆಜ್ಜೆ ಸಾಲಿ’ ಎಂಬ ಶಾಲೆಗೆ ಹೊಸದಾಗಿ ಸೇರಿದವರು ಯಾರೇ ಇರಲಿ, ಮೊದಲ ವಾರದಲ್ಲೇ ಜರಡಿಯ ಜೊತೆ ಜಗಳಕ್ಕೆ ಬೀಳುತ್ತಿದ್ದರು. ಈ ಜರಡಿ ಹಿಟ್ಟು ಸೋಸುವುದಲ್ಲ, ವಾಕ್ಯ ಸೋಸುವುದು. ಪರದೆಯ ಮೇಲೆ ನೀವೊಂದು ಸಾಲು ಬರೆದರೆ ಅದು ಓದಿ ನೋಡುತ್ತದೆ. ಒಂದು ಸಾಲಿನಲ್ಲಿ ಒಂದೇ ಕೆಲಸ ಇರಬೇಕು. ‘ಸ್ವಲ್ಪ’ ಅನ್ನಬಾರದು, ‘ಚೆನ್ನಾಗಿ’ ಅನ್ನಬಾರದು, ‘ಬೇಕಾದರೆ’ ಅಂತೂ ಅನ್ನಲೇಬಾರದು. ಅಂದಿರೋ, ಸಾಲು ಕೆಂಪಗಾಗಿ ವಾಪಸು ಬಂತೆಂದೇ ತಿಳಿಯಿರಿ.

“ಬೋಲ್ಟ್ ಸ್ವಲ್ಪ ಬಿಗಿ ಮಾಡ್ರಿ ಅಂದ್ರ ಏನ್ರಿ ತಪ್ಪು?” ಎಂದು ಆ ಸಲದ ತಂಡದಲ್ಲಿ ಒಬ್ಬಳು ಅಳುಮೋರೆ ಮಾಡಿಕೊಂಡು ಕೇಳಿದಳು.

ಕಲಿಸುವಾಕೆ ನೀಲಾಂಬಿಕಾ ಕಮತರ. ಸಾಲಿಯಲ್ಲಿ ಎಲ್ಲರಿಗೂ ನೀಲಕ್ಕ. “ನಿಮ್ಮ ಸ್ವಲ್ಪ ಅಂದ್ರ ಎಷ್ಟವಾ?” ಎಂದಳು. “ನಮ್ಮತ್ತಿ ಸ್ವಲ್ಪ ಖಾರ ಹಾಕು ಅಂತಿದ್ರು. ಅವರ ಸ್ವಲ್ಪಕ್ಕ ನನ್ನ ಕಣ್ಣಾಗ ನೀರು ಬರತಿತ್ತು.”

ಎಲ್ಲರೂ ನಕ್ಕರು. ನಗುವ ಮಾತೇ. ಆದರೆ ನೀಲಕ್ಕನಿಗೆ ಅದು ಬರೀ ನಗುವ ಮಾತಾಗಿರಲಿಲ್ಲ, ಯಾಕೆಂದರೆ ಇಲ್ಲಿ ಬರೆದದ್ದನ್ನು ಜನ ಕಣ್ಣಲ್ಲಿ ಓದುತ್ತಿರಲಿಲ್ಲ. ಕೈಯಲ್ಲಿ ಓದುತ್ತಿದ್ದರು.

ಕೈಗವಸು ಬಂದು ಆಗ ಹತ್ತು ವರ್ಷದ ಮೇಲಾಗಿತ್ತು. ತೆಳ್ಳನೆಯ ಬೂದು ಬಣ್ಣದ ಗವಸು. ಒಳಗೆ ಕೂದಲಿನಂಥ ತಂತಿ. ಅದಕ್ಕೊಂದು ಪಾಠ ಹಾಕಿದರೆ, ಸಾಲಿನ ಪ್ರಕಾರ ಬೆರಳನ್ನು ಮೆಲ್ಲಗೆ ಅತ್ತ ಇತ್ತ ಒತ್ತುತ್ತದೆ. ಎಳೆದಾಡುವುದಿಲ್ಲ, ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ. ಪಂಪು ಬಿಚ್ಚಲು ಬಾರದವ ಪಂಪು ಬಿಚ್ಚುತ್ತಾನೆ. ಸೂಜಿ ಹಿಡಿಯದವಳು ಸಲೈನ್ ಹಚ್ಚುತ್ತಾಳೆ. ಗವಸಿನ ಮಾತು ಕೇಳದೆ ಕೈ ಸೆಟೆದು ನಿಂತರೆ ಅದನ್ನೂ ಗವಸು ಬರೆದಿಡುತ್ತದೆ. ಅದಕ್ಕೆ ಅಳುಕು ಎಂದು ಹೆಸರು. ಒಂದು ತಿಂಗಳಲ್ಲಿ ಮೂರು ಅಳುಕು ಬಿದ್ದರೆ, ಜೀವಕ್ಕೆ ಅಪಾಯವಿರುವ ಕೆಲಸದಿಂದ ಆ ಮನುಷ್ಯನನ್ನು ತೆಗೆದು ಬೇರೆ ಕಡೆ ಹಾಕುತ್ತಾರೆ.

ಇಷ್ಟೊಂದು ಪಾಠಗಳನ್ನು ಯಾರು ಬರೆಯಬೇಕು? ಅದಕ್ಕೇ ಹೆಜ್ಜೆ ಸಾಲಿ. ಪ್ರತಿ ಪಾಠವನ್ನೂ ಮೊದಲಿನಿಂದ ಬರೆಯುವುದಿಲ್ಲ. ಚಿಕ್ಕ ಚಿಕ್ಕ ತುಂಡು ಬರೆದು ಉಗ್ರಾಣದಲ್ಲಿ ಇಟ್ಟಿರುತ್ತಾರೆ. ಬೇಕಾದ ಪಾಠಕ್ಕೆ ಬೇಕಾದ ತುಂಡು ಜೋಡಿಸುತ್ತಾರೆ. ಖಾನಾವಳಿಯಲ್ಲಿ ಶೇಂಗಾ ಚಟ್ನಿ ಒಂದೇ ಸಲ ಕುಟ್ಟಿ ಎಲ್ಲ ತಾಟಿಗೂ ಬಡಿಸುತ್ತಾರಲ್ಲ, ಹಾಗೆ. ಒಳ್ಳೆಯ ಪದ್ಧತಿ. ಚಟ್ನಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಎಲ್ಲರ ಬಾಯಿಯೂ ಒಟ್ಟಿಗೇ ಕೆಡುತ್ತದೆ.

ನೀಲಕ್ಕನ ಮನೆ ಬೆಟಗೇರಿಯಲ್ಲಿ. ಗಂಡ ಮಹಾಂತೇಶ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವ. ಜೊತೆಗೆ ಒಂದು ವರ್ಷದಿಂದ ತಂಗಿಯ ಮಗಳು ಶಿವಲೀಲಾ. ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಅವಳ ಕೆಲಸ. ದಿನಾ ಬೆಳಗ್ಗೆ ಕಂಪನಿಯ ಜೀಪು ಬಂದು ಹಾರ್ನ್ ಹೊಡೆದರೆ, ರೊಟ್ಟಿ ಬಾಯಲ್ಲಿದ್ದಂತೆಯೇ ಓಡುವ ಹುಡುಗಿ. ಆ ಎತ್ತರ ಅಂದರೆ ಅವಳಿಗೆ ಪಂಚಪ್ರಾಣ. “ಮ್ಯಾಲ ಹೋದ್ರ ಹಿಂಗ ಕೂಡ್ರು, ಹಂಗ ನಿಲ್ಲು ಅನ್ನೋರು ಯಾರೂ ಇರೂದಿಲ್ಲ ದೊಡ್ಡವ್ವ” ಎನ್ನುತ್ತಿದ್ದಳು.

ಆ ತಿಂಗಳು ಮಾತ್ರ ಹಾರ್ನ್ ಕೇಳಿದರೂ ಅವಳು ನಿಧಾನಕ್ಕೆ ಏಳತೊಡಗಿದ್ದಳು. ಶುಕ್ರವಾರ ಸಂಜೆ ಬಂದವಳು ಚಪ್ಪಲಿ ಬಿಟ್ಟು ಸುಮ್ಮನೆ ಕಟ್ಟೆಯ ಮೇಲೆ ಕೂತಳು.

“ಎರಡನೇ ಅಳುಕು ಬಿತ್ತು ದೊಡ್ಡವ್ವ. ಸೋಮವಾರ ಮತ್ತ ಏರಬೇಕು. ಇನ್ನೊಂದು ಬಿದ್ರ ಗೋದಾಮಿಗೆ ಹಾಕತಾರಂತ.”

ಗಾಳಿಯಂತ್ರದ ಮೇಲೆ ಗವಸು ಕಡ್ಡಾಯವಾದದ್ದೇ ಈ ತಿಂಗಳು. ಅದಕ್ಕೂ ಮುಂಚೆ ವರ್ಷವಿಡೀ ಅವಳು ಬರಿಗೈಯಲ್ಲಿ ಏರಿ ಇಳಿದಿದ್ದಳು, ಒಂದು ನಟ್ಟೂ ಕೈಜಾರಿರಲಿಲ್ಲ.

“ಸುಪರ್‌ವೈಸರ್ ಏನಂದ್ರು?”

“ಹೆದರತೀ ಅಂದ್ರು. ಗವಸಿನ ತಪ್ಪು ಅಂದೆ. ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ ಅಂತ ಎಲ್ಲಾರ ಮುಂದ ನಕ್ರು.”

ನೀಲಕ್ಕನಿಗೆ ನಾಚಿಕೆಯಾಯಿತು. ಹುಡುಗಿಗೆ ಅಂದ ಮಾತಿಗಿಂತ, ಗವಸಿನಲ್ಲಿ ತಪ್ಪಿರಲಾರದು ಎಂದು ತನಗೂ ಒಳಗೊಳಗೇ ಅನ್ನಿಸಿತಲ್ಲ, ಅದಕ್ಕೆ. ಪಾಠ ಬರೆಯುವ ತಂಡದಲ್ಲಿ ಅವಳೂ ಇದ್ದಳು.

ಊಟಕ್ಕೆ ಕೂತರು. ಮಹಾಂತೇಶ ಮಜ್ಜಿಗೆ ಕೇಳಿದ. ಶಿವಲೀಲಾ ಲೋಟ ಎತ್ತಿ ಕೊಟ್ಟಳು. ಒಂದು ವರ್ಷದಿಂದ ದಿನಾ ಕೊಡುವ ಮಜ್ಜಿಗೆ, ಯಾರು ನೋಡುತ್ತಾರೆ? ಆದರೆ ದಿನವಿಡೀ ಬೇರೆಯವರ ಸಾಲಿನಲ್ಲಿ ಎಷ್ಟು ಕೆಲಸ ಇದೆ ಎಂದು ಎಣಿಸುವವಳ ಕಣ್ಣು ಮನೆಗೆ ಬಂದಮೇಲೂ ಸುಮ್ಮನಿರುವುದಿಲ್ಲ. ಲೋಟ ಕೊಡುವುದು ಒಂದು ಸಾಲಿನ ಕೆಲಸ. ಹುಡುಗಿ ಮಾಡಿದ್ದು ಎರಡು ಸಾಲು. ಎಡಗೈ ಲೋಟ ಎತ್ತಿತು, ತಕ್ಷಣ ಬಲಗೈ ಅದನ್ನು ಇಸಿದುಕೊಂಡಿತು, ಆಮೇಲೆ ದೊಡ್ಡಪ್ಪನಿಗೆ ಕೊಟ್ಟಿತು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

“ಶಿವಲೀಲಾ, ನೀ ಎಡಚಿ ಏನವಾ?”

ಹುಡುಗಿಯ ತುತ್ತು ಅಲ್ಲೇ ನಿಂತಿತು. “ಸಣ್ಣಾಕಿದ್ದಾಗ ಇದ್ದೆ. ಅವ್ವ ಬಿಡಿಸಿದ್ಲು.”

“ಬಿಟ್ಟೈತೇನು?”

“ಮಂದಿ ಮುಂದ ಬಿಟ್ಟೈತಿ.”

ಮಹಾಂತೇಶ ಪಕಪಕನೆ ನಕ್ಕುಬಿಟ್ಟ. ನೀಲಕ್ಕ ನಗಲಿಲ್ಲ. “ಮ್ಯಾಲ ಹೋದಾಗ?”

“ಮ್ಯಾಲ ಯಾರು ನೋಡಬೇಕು? ಏಣಿ ಮ್ಯಾಲ ನಿಂತಾಗ ಬಲಗೈಲೆ ಹಿಡಿಕಿ ಹಿಡದಿರತೀನಿ, ಎಡಗೈ ಕೆಲಸಕ್ಕ. ನಟ್ಟು ತಿರುವೋ ಪಾನಾ ಇಸ್ಕೊಳ್ಳೋ ಹೊತ್ತಿಗೆ ಗವಸು ಬಲಗೈನ್ನ ಬಿಡು, ಚಾಚು ಅಂತೈತಿ. ಸೊಂಟಕ್ಕ ಬೆಲ್ಟ್ ಇರತೈತಿ, ನನಗ ಗೊತ್ತೈತಿ. ಕೈಗೆ ಗೊತ್ತಿಲ್ಲಲ್ಲ! ಕೆಳಗ ಹೊಲ ಎಲ್ಲಾ ಕೌದಿ ಹಾಸಿದಂಗ ಕಾಣತಾವ. ಹಿಡದ ಕೈ ಹೆಂಗ ಬಿಡಲಿ ದೊಡ್ಡವ್ವ?”

ನೀಲಕ್ಕ ಎದ್ದು ಕೈ ತೊಳೆದಳು. ಅವಳ ಮನಸ್ಸು ಆಗಲೇ ಉಗ್ರಾಣಕ್ಕೆ ಹೋಗಿತ್ತು.

ಶನಿವಾರ ಸಾಲಿಗೆ ಅರ್ಧ ದಿನ. ಎಲ್ಲರೂ ಬರುವ ಮೊದಲೇ ಹೋಗಿ ಗಾಳಿಯಂತ್ರದ ಪಾಠ ಬಿಚ್ಚಿದಳು. ಪಾನಾ ಕೊಡುವ ಜಾಗದಲ್ಲಿ ಒಂದು ತುಂಡು ಇತ್ತು. ಹಳೆಯ ತುಂಡು. ‘ಸಾಮಾನನ್ನು ಬಲಗೈಯಲ್ಲಿ ಹಿಡಿಯಿರಿ. ಬಲಗೈ ಚಾಚಿ. ಎದುರಿನವರ ಬಲಗೈಗೆ ಕೊಡಿ.’ ಕೆಳಗೆ ಬರೆದವರ ಹೆಸರು ನೀಲಾಂಬಿಕಾ ಕಮತರ.

ಸಾಲಿ ಶುರುವಾದ ಹೊಸತರಲ್ಲಿ ಬರೆದದ್ದು. ಆಗ ಉಗ್ರಾಣದಲ್ಲಿ ಏನೂ ಇರಲಿಲ್ಲ. ಹಿಡಿಯುವುದು, ಬಿಡುವುದು, ಎತ್ತುವುದು, ಕೊಡುವುದು ಅಂತ ಒಂದೊಂದೇ ಬರೆದು ತುಂಬಿಸುತ್ತಿದ್ದರು. ಸಾಲಿಯದೊಂದು ನಿಯಮವಿತ್ತು, ಈಗಲೂ ಇದೆ: ತುಂಡು ಬರೆದವರೇ ಗವಸು ತೊಟ್ಟು ಅದನ್ನು ಮಾಡಿ ನೋಡಬೇಕು. ಅವಳು ಮಾಡಿ ನೋಡಿದ್ದಳು. ಪರೀಕ್ಷೆಯ ಜಾಗ ತರಬೇತಿ ಕೋಣೆಯ ಮೇಜು. ಸಾಮಾನು ಒಂದು ಸ್ಟೀಲ್ ತಂಬಿಗೆ. ಎದುರಿಗೆ ನಿರ್ದೇಶಕ ಹೆಬಸೂರ ಸಾಹೇಬರೇ ಕೂತಿದ್ದರು. ಬಂದವರಿಗೆ ನೀರು ಕೊಟ್ಟ ಹಾಗೆ ಕೊಟ್ಟಿದ್ದಳು. ಅವರು ಬಲಗೈಯಲ್ಲಿ ಇಸಿದುಕೊಂಡು ಗಟಗಟ ಕುಡಿದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಯಾವ ಕೈ ಎಂಬ ಪ್ರಶ್ನೆ ಆ ಕೋಣೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಕೊಡುವುದು ಅಂದರೆ ಬಲಗೈ. ಅದರಲ್ಲೇನು ಕೇಳುವುದು?

ಅಲ್ಲಿಂದ ಆ ತುಂಡು ಎಲ್ಲೆಲ್ಲಿಗೆ ಹೋಗಿದೆ ಎಂದು ನೋಡಿದಳು. ಎಲ್ಲಿಗೆ ಹೋಗಿಲ್ಲ ಎಂದು ನೋಡಿದ್ದರೆ ಬೇಗ ಮುಗಿಯುತ್ತಿತ್ತು. ಆಸ್ಪತ್ರೆ, ಗ್ಯಾರೇಜು, ರೈಲು, ಕಟ್ಟಡ. ಆಮೇಲೆ ಅಳುಕುಗಳನ್ನು ತುಂಡಿನ ಪ್ರಕಾರ ಬೇರ್ಪಡಿಸಿ ಕೊಡು ಎಂದು ಪರದೆಯನ್ನು ಕೇಳಿದಳು. ಹಾಗೆ ಈ ತನಕ ಯಾರೂ ಕೇಳಿರಲಿಲ್ಲ. ಎಲ್ಲರೂ ಅಳುಕನ್ನು ಮನುಷ್ಯರ ಹೆಸರಿನ ಪ್ರಕಾರ ನೋಡುತ್ತಿದ್ದರು. ಪರದೆಯ ಮೇಲೆ ಮಿಕ್ಕ ತುಂಡುಗಳ ಪಕ್ಕ ಅಲ್ಲೊಂದು ಇಲ್ಲೊಂದು ಚುಕ್ಕೆ. ಅವಳ ತುಂಡಿನ ಪಕ್ಕ ಇರುವೆ ಮುತ್ತಿದ ಹಾಗೆ.

ಹೆಬಸೂರ ಸಾಹೇಬರು ಬಂದ ಕೂಡಲೇ ಹೋಗಿ ತೋರಿಸಿದಳು. ಒಳ್ಳೆಯ ಮನುಷ್ಯ, ಸಾಲಿಯನ್ನು ಕಟ್ಟಿ ಬೆಳೆಸಿದವರು. ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿದರು.

“ಎಡಚರ ತ್ರಾಸು ಅಲ್ರೀ ಇದು? ಒಂದು ಷರತ್ತು ಹಚ್ಚಿಬಿಡ್ರಿ. ನಾವು ಎಡಚರು ಅಂತ ಹೆಸರು ಕೊಟ್ಟವರ ಗವಸಿಗೆ ಎಡಗೈ ಸಾಲು, ಉಳಿದವರಿಗೆ ಇದೇ ಇರಲಿ.”

“ಯಾರು ಕೊಡತಾರ್ರಿ ಸರ್ ಹೆಸರು? ನಮ್ಮನಿ ಹುಡುಗಿ ಸಣ್ಣಾಕಿದ್ದಾಗಿಂದ ಮುಚ್ಚಿಟ್ಟಾಳ. ಒಂದು ವರ್ಷ ಒಂದೇ ಒಲಿ ಮುಂದ ಕುಂತರೂ ನನಗ ಗೊತ್ತಾಗಲಿಲ್ಲ.” ಒಂದೊಂದೇ ಚುಕ್ಕೆ ಬಿಚ್ಚಿ ತೋರಿಸಿದಳು. “ಮತ್ತ ಇದರಾಗ ಎಡಚರು ಅಷ್ಟ ಇಲ್ರಿ. ಈ ನರ್ಸಮ್ಮ ಪೇಶಂಟನ ತಲಿ ಬಲಗೈಲೆ ಎತ್ತಿ ಹಿಡದಿದ್ಲು. ಔಷಧ ಕೊಡಾಕ ತಲಿ ಬಿಡು ಅಂತು ಗವಸು. ಈ ಗೌಂಡಿ ಗ್ವಾಡಿ ಕಟ್ಟಾಕಂತ ಸಾರವೆ ಮ್ಯಾಲ ಬಲಗೈಲೆ ಬೊಂಬು ಹಿಡದು ನಿಂತಿದ್ದ. ಅವರೆಲ್ಲಾ ಬಲಗೈಯವರ. ಹಿಡದದ್ದನ್ನ ಬಿಡಲಿಲ್ಲ, ಅದಕ್ಕ ಅಳುಕು ಬಿತ್ತು. ಬಿಟ್ಟಿದ್ರ ಏನಾಗತಿತ್ತು ಹೇಳ್ರಿ.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೂಲ ತುಂಡು ಮುಟ್ಟಿದ್ರ ರಾಜ್ಯದಾಗಿನ ಅಷ್ಟೂ ಪಾಠ ಆ ತುಂಡಿಗೆ ಬಂದು ನಿಲ್ಲತಾವ ನೀಲಕ್ಕಾರ. ಮುಂದಿನ ವಾರ ಮ್ಯಾಲಿನ ಅಧಿಕಾರಿಗಳು ತಪಾಸಣಿಗೆ ಬರತಾರ. ಅಡಿಕಿಗೆ ಹೋದ ಮಾನ ಆನಿ ಕೊಟ್ಟರೂ ಬರೂದಿಲ್ಲ. ತಪಾಸಣಿ ಮುಗೀಲಿ, ಆಮ್ಯಾಲ ಮಾಡೂನಂತ.”

“ಸೋಮವಾರ ಹುಡುಗಿ ಏರಬೇಕ್ರಿ.”

“ಒಂದು ವಾರ ರಜಾ ಹಾಕಸ್ರಿ ಆಕಿಗೆ.”

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂದು ವಾರ ರಜೆ ಹಾಕಿದರೆ ಶಿವಲೀಲಾ ಉಳಿಯುತ್ತಾಳೆ. ನೀಲಕ್ಕ ತನ್ನ ಕುರ್ಚಿಗೆ ಬಂದು ಕೂತು ಅದನ್ನೇ ಯೋಚಿಸಿದಳು. ಆದರೆ ಆ ಗೌಂಡಿಗೆ ಯಾರು ರಜೆ ಹಾಕಿಸುತ್ತಾರೆ? ಇವತ್ತಿನ ತನಕ ಎಲ್ಲರೂ ಹಿಡಿದ ಕೈ ಬಿಡದೆ ಅಳುಕು ಬೀಳಿಸಿಕೊಂಡಿದ್ದಾರೆ. ಎರಡು ಅಳುಕು ಬಿದ್ದು ಮೂರನೆಯದಕ್ಕೆ ಹೆದರಿದವನೊಬ್ಬ, ಕೆಲಸ ಹೋದೀತೆಂದು ಗವಸಿನ ಮಾತು ಕೇಳಿಬಿಟ್ಟರೆ? ಶಿವಲೀಲಾ ಸೋಮವಾರ ಕೇಳಿಬಿಟ್ಟರೆ?

ತುಂಡಿನ ಪುಟದಲ್ಲಿ ಒಂದು ಗುಂಡಿ ಇರುತ್ತದೆ. ‘ನನ್ನ ಪರೀಕ್ಷೆ ಹಿಂತೆಗೆದುಕೊಳ್ಳುತ್ತೇನೆ’ ಎಂದು. ಬರೆದವರಿಗೆ ಬಿಟ್ಟು ನಿರ್ದೇಶಕರಿಗೂ ಅದನ್ನು ಒತ್ತಲು ಬರುವುದಿಲ್ಲ. ಹೆಜ್ಜೆ ಸಾಲಿಯಲ್ಲಿ ಇದುವರೆಗೆ ಯಾರೂ ಒತ್ತಿರಲಿಲ್ಲ. ಯಾಕೆ ಎಂದು ಕೇಳುವ ಜಾಗದಲ್ಲಿ ಅವಳು ಬರೆದಳು: ‘ನಾನು ಈ ತುಂಡನ್ನು ಮೇಜಿನ ಮುಂದೆ ಕೂತು ಮಾಡಿ ನೋಡಿದೆ. ಏಣಿಯ ಮೇಲೆ ನಿಂತು ಮಾಡಿ ನೋಡಿಲ್ಲ.’ ಜರಡಿ ಒಂದಕ್ಷರವನ್ನೂ ಕೆಂಪು ಮಾಡದೆ ಎರಡೂ ಸಾಲು ಒಪ್ಪಿಕೊಂಡಿತು. ಒತ್ತಿದಳು.

ರಾಜ್ಯದ ಅಷ್ಟೂ ಗವಸುಗಳು ಸಾಮಾನು ಕೊಡುವ ಹೊತ್ತಿಗೆ ಸಡಿಲಾದವು. ಮಣಿಕಟ್ಟಿನ ಪಟ್ಟಿಯ ಮೇಲೆ ಅಕ್ಷರ ಮೂಡಿತು: ‘ಈ ಸಾಲನ್ನು ಬರೆದವರು ಮತ್ತೆ ನೋಡುತ್ತಿದ್ದಾರೆ. ನೀಲಾಂಬಿಕಾ ಕಮತರ, ಗದಗ. ಅಲ್ಲಿಯವರೆಗೆ ನಿಮಗೆ ತೋಚಿದಂತೆ ಕೊಡಿ.’

ಮನೆಗೆ ಬರುವಷ್ಟರಲ್ಲಿ ಮಹಾಂತೇಶನ ಫೋನು ಕಾದ ಹಂಚಾಗಿತ್ತು. “ಏನ್ ಮಾಡಿ ಬಂದೀ ಮಾರಾಯ್ತಿ? ನಿಮ್ಮ ಸೋದರಮಾವ ರಾಯಚೂರಿನಿಂದ ಫೋನ್ ಮಾಡಿದ್ದ. ಸ್ಕೂಟರ್ ರಿಪೇರಿ ಮಾಡಾಕ ಹೋದ್ರ ನೀಲಾನ ಹೆಸರು ನನ್ನ ಕೈಯಾಗ ಬಂತಲ್ಲೋ, ಏನರ ಆಗೇತೇನು ಆಕಿಗೆ ಅಂತ ಅಳಾಕ ಹತ್ತಿದ್ದ!”

“ಏನಂದ್ರಿ?”

“ಇನ್ನೂ ಏನಾಗಿಲ್ಲ, ಸೋಮವಾರದ ಮ್ಯಾಲ ಗೊತ್ತಾಕ್ಕೈತಿ ಅಂದೆ.”

ಹೆಬಸೂರ ಸಾಹೇಬರು ಫೋನ್ ಮಾಡಲಿಲ್ಲ. ಸಿಟ್ಟು ಬಂದರೆ ಅವರು ಮಾತಾಡುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಆದರೆ ಸಂಜೆಯ ಹೊತ್ತಿಗೆ ಒಂದು ವಿಚಿತ್ರ ಎಲ್ಲರಿಗೂ ಕಂಡಿತು. ಗವಸು ಏನೂ ಹೇಳದಿದ್ದರೂ ಜನ ಕೊಡುತ್ತಲೇ ಇದ್ದರು, ಇಸಿದುಕೊಳ್ಳುತ್ತಲೇ ಇದ್ದರು. ಎಲ್ಲೂ ಏನೂ ಬಿದ್ದ ಸುದ್ದಿ ಬರಲಿಲ್ಲ.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಪರದೆ ಇಟ್ಟುಕೊಂಡು ಹೊಸ ಸಾಲು ಬರೆಯಲು ಕೂತಳು. ‘ಸಾಮಾನನ್ನು ಕೊಡಿ’ ಎಂದು ಬರೆದಳು. ಜರಡಿ ಕೆಂಪಾಯಿತು: ಯಾವ ಕೈ? ‘ಅನುಕೂಲವಾದ ಕೈಯಿಂದ ಕೊಡಿ.’ ಮತ್ತೆ ಕೆಂಪು: ‘ಅನುಕೂಲ’ ಅಳತೆಗೆ ಸಿಗುವುದಿಲ್ಲ.

“ಹೌದಪ್ಪ, ನಿನಗ ಹೇಳಿಕೊಟ್ಟಾಕಿ ನಾನ” ಎಂದು ನೀಲಕ್ಕ ಅದಕ್ಕೇ ಬೈದಳು.

ಶಿವಲೀಲಾ ಒಂದು ಕೈಯಲ್ಲಿ ಕಪಾಟಿನ ಅಂಚು ಹಿಡಿದು, ತುದಿಗಾಲಲ್ಲಿ ನಿಂತು ಮೇಲಿನ ಡಬ್ಬಿ ಇಳಿಸುತ್ತಿದ್ದಳು. ನೀಲಕ್ಕ ಅವಳನ್ನೇ ನೋಡಿದಳು. ಒಂದು ಕೈ ದೇಹವನ್ನು ಹಿಡಿದಿದೆ, ಇನ್ನೊಂದು ಡಬ್ಬಿಯನ್ನು. ಗವಸಿಗೆ ಎಡ ಬಲ ಯಾಕೆ ಬೇಕು? ಬೆರಳು ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಅದಕ್ಕೆ ಮೊದಲಿನಿಂದಲೂ ಗೊತ್ತಾಗುತ್ತದೆ. ಆದರೆ ಅದನ್ನು ಅಳುಕು ಬರೆಯಲಿಕ್ಕಷ್ಟೇ ಬಳಸುತ್ತಿದ್ದರು. ಕೈಗೆ ಹೇಳುವ ಮೊದಲು ಕೈಯನ್ನು ಕೇಳಿದರೆ?

‘ಆಸರೆ ಹಿಡಿಯದ ಕೈಯಿಂದ ಸಾಮಾನನ್ನು ಕೊಡಿ. ಆಸರೆ ಹಿಡಿಯದ ಕೈಯಿಂದ ತೆಗೆದುಕೊಳ್ಳಿ.’ ಆಸರೆ ಅಂದರೆ ಎಷ್ಟು ಬಿಗಿ ಎಂಬ ಅಳತೆಯನ್ನು ಕೆಳಗೆ ಸೇರಿಸಿದಳು. ಜರಡಿ ಬಹಳ ಹೊತ್ತು ಸೋಸಿತು. ಸಾಲು ಹಸಿರಾಯಿತು.

ಸೋಮವಾರ ಜೀಪು ಬಂದು ಹಾರ್ನ್ ಹೊಡೆದಾಗ ಶಿವಲೀಲಾಳ ಜೊತೆ ನೀಲಕ್ಕನೂ ಹತ್ತಿದಳು. ಹೊಸ ತುಂಡನ್ನು ಈ ಸಲ ಏಣಿಯ ಮೇಲೇ ಮಾಡಿ ನೋಡಬೇಕಿತ್ತು. ಪರೀಕ್ಷೆಗೆ ಸಹಿ ಹಾಕಬೇಕಾದ ಹೆಬಸೂರ ಸಾಹೇಬರು ಗುಡ್ಡದ ಬುಡದಲ್ಲಿ ನಿಂತಿದ್ದರು. ಮುಖ ಇನ್ನೂ ಬಿಗಿದೇ ಇತ್ತು.

“ನನಗ ಒಂದೇ ಒಂದು ಹೇಳ್ರಿ” ಎಂದರು. “ಮದುವಿ ಮನ್ಯಾಗ ಗವಸು ಹಾಕ್ಕೊಂಡು ಎಡಗೈಲೆ ಹೋಳಿಗಿ ಬಡಸಿದ್ರ ಏನ್ ಗತಿ?”

“ಬಡಸೂದು ಬ್ಯಾರೆ ತುಂಡು ಸರ್. ಅದರಾಗ ಬಲಗೈ ಇರಲಿ. ಹೋಳಿಗಿ ಬಡಸಾಕ ಹೋಗಿ ಯಾರೂ ಮ್ಯಾಲಿಂದ ಬೀಳೂದಿಲ್ಲ.”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಹೋಗಿ ಬರ್ರಿ, ಹುಷಾರು” ಎಂದರು.

ಒಳಗಿನ ಲಿಫ್ಟು ಮುಕ್ಕಾಲು ದಾರಿ ಒಯ್ದು ಬಿಟ್ಟಿತು. ಅಲ್ಲಿಂದ ಕಬ್ಬಿಣದ ಏಣಿ. ಶಿವಲೀಲಾ ಅಳಿಲಿನ ಹಾಗೆ ಏರಿ ಮೇಲಿನ ಕಿಂಡಿಯಲ್ಲಿ ಮುಖ ತೋರಿಸಿದಳು. ನೀಲಕ್ಕ ಐವತ್ತು ದಾಟಿದವಳು. ಏದುಸಿರು ಬಿಡುತ್ತಾ ಹತ್ತಿ ಕಿಂಡಿಯ ಕೆಳಗೆ ನಿಂತಳು. ಪಕ್ಕದಲ್ಲೊಂದು ಸಣ್ಣ ಬಾಗಿಲು ಗಾಳಿಗೆ ತೆರೆದಿತ್ತು. ಕೆಳಗೆ ಹೊಲಗಳು. ಕೌದಿಯೇ ನಿಜ, ಎಂದುಕೊಂಡಳು. ಜೀವ ಬಾಯಿಗೆ ಬಂತು.

ನಿಯಮದ ಪ್ರಕಾರ ಮೊದಲು ಹಳೆಯ ಸಾಲು, ಆಮೇಲೆ ಹೊಸದು. “ಕೊಡವಾ” ಎಂದಳು.

ಮೇಲಿಂದ ಪಾನಾ ಇಳಿಯಿತು. ಗವಸು ಅವಳ ಬಲಗೈಯನ್ನು ಮೆಲ್ಲಗೆ ಒತ್ತಿತು. ಬಿಡು. ಚಾಚು. ಅವಳೇ ಬರೆದ ಮಾತು, ಅವಳದೇ ದನಿಯಲ್ಲಿ ಕೇಳಿದ ಹಾಗಿತ್ತು. ನೀಲಕ್ಕ ಹುಟ್ಟಿದಾಗಿನಿಂದ ಬಲಗೈಯವಳು. ಹಾಗಾಗಿಯೇ ಹೆದರಿದ ಹೊತ್ತಿಗೆ ಏಣಿಯನ್ನು ಬಲಗೈಯಲ್ಲೇ ಕಚ್ಚಿ ಹಿಡಿದಿದ್ದಳು. ಗವಸಿನೊಳಗೆ ಬೆರಳು ಮರಗಟ್ಟಿದ್ದವು. ಬಿಡು ಎಂದಿತು ಗವಸು. ಬಿಡಬೇಕೆಂದು ಅವಳೂ ಮನಸ್ಸು ಮಾಡಿದಳು. ಕೈ ಬಿಡಲಿಲ್ಲ.

ಮಣಿಕಟ್ಟಿನ ಮೇಲೆ ಕೆಂಪು ಮೂಡಿತು. ಅಳುಕು: ನೀಲಾಂಬಿಕಾ ಕಮತರ.

ಅವಳ ಕಣ್ಣು ತುಂಬಿಬಂದವು. ಗಾಳಿಗೆ ಅಂತ ಹೇಳಬಹುದಿತ್ತು, ಆದರೆ ಮೇಲಿದ್ದವಳು ಕೇಳಲಿಲ್ಲ. “ಹಂಗ ಆಗತೈತಿ ದೊಡ್ಡವ್ವ” ಎಂದಷ್ಟೇ ಅಂದಳು. “ಹೊಸಾದು ಹಾಕು.”

ಹೊಸ ಸಾಲು ಹಾಕಿದರು. ಬಲಗೈಯ ಗವಸು ಒಂದು ಕ್ಷಣ ಅವಳ ಹಿಡಿತವನ್ನು ತಡವಿ ನೋಡಿ ಸುಮ್ಮನಾಯಿತು. ಎಡಗೈ ತಾನಾಗಿ ಮೇಲೆದ್ದಿತು. ಮೇಲಿಂದ ಶಿವಲೀಲಾಳ ಎಡಗೈ ಇಳಿದು ಬಂತು. ಪಾನಾ ಕೈಯಿಂದ ಕೈಗೆ ಬಂತು, ಭಾರವಾಗಿ, ತಣ್ಣಗೆ.

“ಬಿಡಲೇನು?” ಎಂದು ಕೇಳಿದಳು ಹುಡುಗಿ.

“ಬಿಡು, ಹಿಡದೀನಿ.”

ಎರಡು ಪಟ್ಟಿಗಳೂ ಹಸಿರಾದವು. ಕೆಳಗೆ ಬಂದಮೇಲೆ ಹೆಬಸೂರ ಸಾಹೇಬರು ಸಹಿ ಹಾಕಿದರು. ಆ ತುಂಡಿನಿಂದ ಬಿದ್ದ ಅಳುಕುಗಳನ್ನೆಲ್ಲ ಎಲ್ಲರ ಹೆಸರಿನಿಂದಲೂ ಅಳಿಸಲು ಬರೆದರು. ನೀಲಕ್ಕ ತನ್ನದೊಂದು ಇರಲಿ ಎಂದಳು, ಮುಂದಿನ ತಂಡಕ್ಕೆ ಪಾಠ ಹೇಳುವಾಗ ತೋರಿಸಲು ಬೇಕಾಗುತ್ತದೆ ಎಂದು. ಶಿವಲೀಲಾ ಆಗಲೇ ಮತ್ತೆ ಮೇಲೆ ಹೋಗಿಯಾಗಿತ್ತು. ಅವತ್ತಿನ ಕೆಲಸ ಬಾಕಿ ಇತ್ತು.

ಸಂಜೆ ನೀಲಕ್ಕ ರೊಟ್ಟಿ ಬಡಿಯಲು ಕೂತಿದ್ದಳು. ಬಲಗೈ ಮಣಿಕಟ್ಟಿನ ತನಕ ಜೋಳದ ಹಿಟ್ಟು. ನೀರು ಕಡಿಮೆ ಬಿದ್ದಿತ್ತು. “ಶಿವಲೀಲಾ, ಆ ತಂಬಿಗಿ ಕೊಡವಾ ಇತ್ತ.”

ಹುಡುಗಿ ಎಡಗೈಯಲ್ಲಿ ತಂಬಿಗೆ ಎತ್ತಿದಳು. ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ. ಬಲಗೈ ಅದನ್ನು ಇಸಿದುಕೊಳ್ಳಲು ತಾನಾಗಿ ಮುಂದೆ ಬಂತು.

“ಹಂಗ ಕೊಡು” ಎಂದು ನೀಲಕ್ಕ ತನ್ನ ಎಡಗೈ ಚಾಚಿದಳು. “ನಂದೂ ಬಲಗೈ ಖಾಲಿ ಇಲ್ಲ.”

ಶಿವಲೀಲಾಳ ಬಲಗೈ ಅಲ್ಲೇ ನಿಂತು, ಕೆಳಗಿಳಿಯಿತು. ಎಡಗೈಯಿಂದ ಎಡಗೈಗೆ ತಂಬಿಗೆ ಬಂತು. ಒಂದೇ ಸಾಲಿನ ಕೆಲಸ.